ಒಂಬತ್ತನೇ ಸಿಗ್ನಲ್

ಮಾರ್ಚ್ ೧೪, ಗುರುವಾರ

ಮೂರು ವಾರದಿಂದ ಹಿರಿಯ ಎಂಜಿನಿಯರ್ ಎಲ್ಲರೆದುರು ಆಡಿದ್ದು ಒಂದೇ ಮಾತು: "ನಿಲ್ಲಿಸಿದ್ರೆ ಸಾಕು, ಇವಳ ಪ್ರೋಗ್ರಾಂ ಡೇಟಾನೆಲ್ಲ ನುಂಗಿಬಿಡುತ್ತೆ." ಹಲ್ಲು ಕಚ್ಚಿ ಕೂತಿದ್ದೆ.

ಇವತ್ತು ಮೀಟಿಂಗಿನಲ್ಲಿ ಕೀಬೋರ್ಡನ್ನು ಆತನ ಮುಂದೆ ಸರಿಸಿದೆ. "ದಿನಾ ಹೇಗೆ ನಿಲ್ಲಿಸ್ತೀರೋ ಹಾಗೇ ತೋರಿಸಿ ಸರ್."

ಅಭ್ಯಾಸಬಲ. ಬೆರಳು ತಾನಾಗಿಯೇ ಪ್ರೋಗ್ರಾಂಗೆ ಒಂಬತ್ತನೇ ಸಿಗ್ನಲ್ ಕಳಿಸಿ ನಿಲ್ಲಿಸುವ 'ಕಿಲ್ ಮೈನಸ್ ನೈನ್' ಆಜ್ಞೆ ಒತ್ತಿತು. ಡೇಟಾ ಮಾಯ.

"ಒಂಬತ್ತನೇ ಸಿಗ್ನಲ್ ಪ್ರೋಗ್ರಾಂ ಕಿವಿಗೇ ಬೀಳಲ್ಲ ಸರ್, ಸೀದಾ ಕುತ್ತಿಗೆ ಹಿಚುಕುತ್ತೆ. ಹದಿನೈದನೇ ಸಿಗ್ನಲ್ ಕಳಿಸಿದ್ರೆ ಎಲ್ಲ ಬರೆದಿಟ್ಟು ತಾನೇ ನಿಲ್ಲುತ್ತೆ." ಅದನ್ನೂ ಮಾಡಿ ತೋರಿಸಿದೆ. ಒಂದು ಸಾಲೂ ಕಳೆಯಲಿಲ್ಲ.

ಮ್ಯಾನೇಜರ್ ಮೇಡಂ ಕನ್ನಡಕ ತೆಗೆದು ಆತನನ್ನೇ ನೋಡಿದರು. ಆಮೇಲೆ ಬಾಗಿಲ ಬಳಿ ಆತ ಮೆಲ್ಲಗೆ, "ನನಗೊಬ್ಬನಿಗೇ ಹೇಳಬಹುದಿತ್ತಲ್ಲಮ್ಮ" ಎಂದ.

ಹೇಳಬಹುದಿತ್ತು. ಮೊದಲ ದಿನವೇ ನನಗೆ ಗೊತ್ತಾಗಿತ್ತು. ಕೋಣೆ ತುಂಬ ಜನ ಸೇರಲಿ ಎಂದೇ ಕಾದೆ. ಈಗಲಾದರೂ ಪಾಪ ಅನ್ನಿಸೀತೇನೋ ಎಂದು ಕೂತಿದ್ದೇನೆ, ಇನ್ನೂ ಅನ್ನಿಸಿಲ್ಲ.