ಗುರುವಾರ ಒಗೆದ ಬಟ್ಟೆ

ಮೋಸುಲ್, ೧೪ ಮಾರ್ಚ್ ೨೦೧೭, ಬೆಳಿಗ್ಗೆ ೭

ನದೀರಾ ಯೂನಿಸ್ ಅಲ್‌ಸಬ್ಬಾಗ್. ಭೂಗೋಳ ಶಿಕ್ಷಕಿ, ಮೂವತ್ತೊಂದು ವರ್ಷಗಳ ಸೇವೆ, ನಿವೃತ್ತಳು. ನನ್ನ ಹೆಣ ಗುರುತಿಸಬೇಕಾಗಿ ಬಂದೀತೆಂದು ದಿನವೂ ಮೊದಲು ಇದನ್ನೇ ಬರೆಯುತ್ತೇನೆ.

ಬೀದಿಗಿಳಿಯದೆ, ಪಕ್ಕದ ಮನೆಯಿಂದ ಅಡುಗೆಮನೆಯ ಗೋಡೆ ಒಡೆದು ನಮ್ಮ ಸರ್ಕಾರಿ ಸೇನೆಯ ಸೈನಿಕರಿಬ್ಬರು ಒಳಬಂದು ಮೂರು ದಿನ. ಸಾರ್ಜೆಂಟ್ ನಈಮ್, ಅವನ ಕೈಕೆಳಗಿನ ಮುತಶರ್. ದಕ್ಷಿಣದ ಅಮಾರಾದವರು. ಬೀದಿಯ ತುದಿಯಲ್ಲಿ ಶತ್ರುವಿನ ಸ್ನೈಪರ್. ಅವರೂ ಹೊರಡುವಂತಿಲ್ಲ, ನಾನೂ.

ಬೂಟು ಬಿಚ್ಚಿಸಿದೆ.

"ಯುದ್ಧಕ್ಕೂ ಬೂಟು ಬಿಚ್ಚಿ ಬರ್ಬೇಕಾ ಖಾಲಾ?" ಎಂದ ಮುತಶರ್. ಖಾಲಾ ಎಂದರೆ ಚಿಕ್ಕಮ್ಮ; ಇಬ್ಬರೂ ನನ್ನನ್ನು ಹಾಗೇ ಕರೆಯುತ್ತಾರೆ.

"ನನ್ನ ಜಮಖಾನದ ಮೇಲೆ ಬರೋದಾದ್ರೆ ಬಿಚ್ಚಲೇಬೇಕು."

"ಸಾರ್ಜೆಂಟ್, ಸ್ನೈಪರ್‌ಗಿಂತ ನಂಗೆ ಇವರದ್ದೇ ಭಯ."

೧೬ ಮಾರ್ಚ್, ಗುರುವಾರ, ಬೆಳಿಗ್ಗೆ ೧೦

ಒಗೆಯುವ ದಿನ. ಫಿರಂಗಿಗಾಗಿ ಗುರುವಾರವನ್ನು ಬದಲಿಸಲಾರೆ. ತಾರಸಿಯ ಗೋಡೆಯ ಮೇಲೆ ಕಿತ್ತಳೆ ಬಣ್ಣದ ಬಟ್ಟೆಯೊಂದು, ಮಸಿ ಹಿಡಿದಿತ್ತು. ಕೊನೆಯ ಮೆಟ್ಟಿಲಿನಿಂದಲೇ ಕೈಗೆಟುಕಿತು. ಬಾವಿಯ ನೀರಿನಲ್ಲಿ ಒಗೆದು ಪಡಸಾಲೆಯಲ್ಲಿ ಹರವಿದೆ.

ಅದೇ ದಿನ, ಸಂಜೆ ೫

ಮಧ್ಯಾಹ್ನ ವಿಮಾನದ ಸದ್ದು. ನಈಮ್ ಮೇಲೆ ನೋಡಿದ. "ಗುರುತಿನ ಬಟ್ಟೆ ಎಲ್ಲಿ?"

"ಒಗೆದಿದ್ದೇನೆ."

ಯಾರೂ ಕೂಗಾಡಲಿಲ್ಲ. ಅದಿಲ್ಲದಿದ್ದರೆ ನಮ್ಮ ವಿಮಾನವೇ ಈ ಮನೆಯನ್ನು ಶತ್ರುವಿನದೆಂದು ಉರುಳಿಸುತ್ತದಂತೆ. ಮುತಶರ್ ಒದ್ದೆ ಬಟ್ಟೆ ಎತ್ತಿಕೊಂಡ.

"ಪರವಾಗಿಲ್ಲ ಖಾಲಾ. ಈಗ ಪೈಲಟ್‌ಗೆ ಕಣ್ಣು ಕುಕ್ಕತ್ತೆ."

ತಾರಸಿಗೆ ಹತ್ತಿ ಹರವಿದ. ವಿಮಾನ ತಿರುಗಿಹೋಯಿತು. ಬೀದಿಯ ತುದಿಯಿಂದ ಒಂದೇ ಗುಂಡು... ಮುತಶರ್ ಬಟ್ಟೆಯ ಮೇಲೆಯೇ ಬಿದ್ದ.

೧೮ ಮಾರ್ಚ್

ಬೀದಿ ನಮ್ಮ ಸೇನೆಯ ಕೈಗೆ ಬಂದಿದೆ. ನಈಮ್ ವರದಿ ಬರೆದ — ಗುರುತನ್ನು ತೆಗೆದವನು ಮುತಶರನೇ ಎಂದು.

"ಸುಳ್ಳು," ಎಂದೆ.

"ನಿಮ್ಮ ಹೆಸರು ಬರೆದ್ರೆ ಶತ್ರು ಕಡೆಯವರು ಅಂತ ಎಳ್ಕೊಂಡು ಹೋಗ್ತಾರೆ ಖಾಲಾ. ಅಲ್ಲಿಂದ ವಾಪಸ್ ಬಂದವ್ರನ್ನ ನಾನು ನೋಡಿಲ್ಲ. ಸತ್ತವ್ನಿಗೆ ಏನಾಗ್ಬೇಕು?"

ಸುಮ್ಮನಾದೆ. ನಾನು.

೨೦ ಏಪ್ರಿಲ್

ಒಂದು ತಿಂಗಳಿನಿಂದ ಬಾಗಿಲು ತೆರೆದೇ ಇದೆ. ನಾನು ಹೊಸ್ತಿಲು ದಾಟಿಲ್ಲ. ಇಂದು ನಈಮ್ ಬಂದಿದ್ದ. ಹೇಳದೆಯೇ ಬೂಟು ಬಿಚ್ಚಿದ. ಮುತಶರನ ತಾಯಿಗೆ ಹುತಾತ್ಮ ಪತ್ರ ಕೊಡಲಿಲ್ಲವಂತೆ. ಸ್ವಂತ ತಪ್ಪಿನಿಂದ ಸತ್ತವನೆಂದು ದಾಖಲಾಗಿದೆ. ಊರಿನ ಹುತಾತ್ಮರ ಸಾಲಿನಿಂದ ಅವನ ಚಿತ್ರವನ್ನೂ ಇಳಿಸಿದರಂತೆ.

೨೧ ಏಪ್ರಿಲ್, ಬೆಳಿಗ್ಗೆ ೭

ಪತ್ರದ ಕರಡು, ಮೂರನೆಯದು. ಸೇನಾ ವಿಚಾರಣಾಧಿಕಾರಿಗಳಿಗೆ. ಮೊದಲೆರಡರಲ್ಲಿ "ಬಟ್ಟೆಯನ್ನು ತೆಗೆಯಲಾಯಿತು" ಎಂದು ಬರೆದಿದ್ದೆ. ವಿದ್ಯಾರ್ಥಿನಿ ಹೀಗೆ ಬರೆದಿದ್ದರೆ, ತೆಗೆದವರು ಯಾರು ಎಂದು ಕೇಳುತ್ತಿದ್ದೆ.

ನಾನು ತೆಗೆದೆ. ಕೇಳದೆ ತೆಗೆದೆ. ಅವನು ಮರಳಿ ಹರವಿದ್ದರಿಂದ ನಾವಿಬ್ಬರು ಬದುಕಿದ್ದೇವೆ. ವಿಚಾರಣೆಗೆ ಈ ವಿಳಾಸದಲ್ಲಿಯೇ ಸಿಗುತ್ತೇನೆ.

ಲಗತ್ತುಗಳು:
೧. ನನ್ನ ಗುರುತಿನ ಚೀಟಿಯ ನಕಲು
೨. ತಾರಸಿಯ ನಕ್ಷೆ, ಅಳತೆಗಳೊಂದಿಗೆ, ನನ್ನ ಕೈಬರಹದಲ್ಲಿ
೩. ಕಿತ್ತಳೆ ಬಟ್ಟೆ. ಅವನು ಬಿದ್ದ ಮೇಲೆ ಒಗೆದಿಲ್ಲ.