ಬೇಸ್‌ಲೈನ್‌ನಿಂದ ಒಂದು ಬೆರಳು

ಫೆಬ್ರವರಿ 8, ಶನಿವಾರ. ಸಂಡರ್ಲ್ಯಾಂಡ್. ಸಂಜೆ 6.30

ಟೂರ್ನಿಯ ಅರ್ಹತಾ ಸುತ್ತಿಗೆ ಹೆಸರು ಬರೆಸಿದ್ದಾಯಿತು. ಆರಕ್ಕೆ ಪಟ್ಟಿ ಮುಚ್ಚುತ್ತಾರೆ. ಡರ್ಹಮ್ ದಾಟಿದ ಮೇಲೆ ರೈಲು ನಿಂತೇಬಿಟ್ಟಿತ್ತು, ಇನ್ನು ಹತ್ತು ನಿಮಿಷ ಇರುವಾಗ ಓಡಿ ಬಂದೆ. ಟ್ಯಾಮ್ಸಿನ್ ಮೊದಲೇ ಬಂದು, ನನ್ನ ಹೆಸರನ್ನೂ ತಾನೇ ಬರೆಸಲು ಹೋಗಿ ಬೈಸಿಕೊಂಡಿದ್ದಾಳೆ.

"ಕ್ಯಾರಿಸ್ ಅನ್ನೋಳು ತಾನೇ ಬರ್ಬೇಕಂತೆ. ಹದಿನಾರು ವರ್ಷದಿಂದ ನಿನ್ನ ಡಬಲ್ಸ್ ಪಾರ್ಟ್ನರ್ ನಾನು, ಒಂದು ಸಹಿ ಹಾಕೋ ಹಕ್ಕಿಲ್ಲ ನೋಡು."

ಎಂದಿನಂತೆ ಒಂದೇ ರೂಮ್. ಕಿಟಕಿ ಪಕ್ಕದ ಹಾಸಿಗೆ ಅವಳದು. ಹೋಟೆಲಿನ ಕೆಟಲ್‌ನಲ್ಲೇ ಮೊಟ್ಟೆ ಬೇಯಿಸುತ್ತಾಳೆ, ಆಮೇಲೆ ಎರಡು ದಿನ ನಮ್ಮ ಚಹಾಕ್ಕೆಲ್ಲ ಅದೇ ವಾಸನೆ.

ಸಿಪ್ಪೆ ಸುಲಿಯುತ್ತಾ ಹೇಳಿದಳು: "ಈ ವಾರ ಅರ್ಹತಾ ಸುತ್ತು ದಾಟಿ ಮೇನ್ ಡ್ರಾ ಸೇರದೇ ಇದ್ರೆ ಸಾಕು ಮಾಡ್ತೀನಿ ಕಣೇ."

ಟ್ರೂರೋದಲ್ಲಿ ಒಂದು ಶಾಲೆ ಟೆನಿಸ್ ಕಲಿಸಲು ಕರೆದಿದೆ. ಶುಕ್ರವಾರದೊಳಗೆ ಉತ್ತರ ಕೊಡಬೇಕು. ನಕ್ಕೆ. ಈ ಮಾತು ನಾಲ್ಕನೇ ಸಲ. ಆದರೆ ಈ ಸಲ ಫಾರ್ಮು ಬ್ಯಾಗಿನಲ್ಲೇ ಇದೆ, ತೋರಿಸಿದಳು. ಆಮೇಲೆ ನಗು ಬರಲಿಲ್ಲ.

ನನ್ನ ಕಥೆಯೂ ಅಷ್ಟೇ. ಕಳೆದ ವರ್ಷ ಗೆದ್ದ ರ‍್ಯಾಂಕಿಂಗ್ ಅಂಕಗಳು ಈ ತಿಂಗಳು ಉದುರುತ್ತವೆ. ಇಲ್ಲಿ ಏನೂ ಗಳಿಸದಿದ್ದರೆ ಮುಂದೆ ಅರ್ಹತಾ ಸುತ್ತಿಗೂ ಬಾಗಿಲು ಕಾಯಬೇಕು. ಇಪ್ಪತ್ತೇಳಾಯಿತು.

ಫೆಬ್ರವರಿ 9, ಭಾನುವಾರ. ಸಂಜೆ 5

ಇಬ್ಬರೂ ಗೆದ್ದೆವು. ಡ್ರಾ ನೋಡಿದಾಗಲೇ ಗೊತ್ತಿತ್ತು — ಇಬ್ಬರೂ ಗೆದ್ದರೆ ನಾಳೆ ಎದುರುಬದುರು. ಗೆದ್ದವಳಿಗೆ ಮೇನ್ ಡ್ರಾ.

ಅರ್ಹತಾ ಸುತ್ತಿನಲ್ಲಿ ಅಂಪೈರ್ ಇಲ್ಲ. ನಾಲ್ಕು ಕೋರ್ಟಿಗೆ ಒಬ್ಬ ಅಧಿಕಾರಿ ಓಡಾಡಿಕೊಂಡಿರುತ್ತಾನೆ. ನಮ್ಮ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ನಾವೇ ಹೇಳುವುದು. ಗೆರೆ ತಾಕಿದರೆ ಒಳಗೆ, ಅನುಮಾನ ಬಂದರೂ ಒಳಗೆ — ಕೋಚ್ ಹ್ಯೂ ಇಬ್ಬರಿಗೂ ಒಂದೇ ದಿನ ಕಲಿಸಿದ್ದು. ನಮಗೆ ಹನ್ನೊಂದು ವರ್ಷ ಆಗ.

"ನಾಳೆ ನನ್ನ ಕಾಫಿಗೆ ಉಪ್ಪು ಹಾಕ್ಬೇಡ," ಎಂದಳು.

"ನನ್ನ ಬ್ಯಾಕ್‌ಹ್ಯಾಂಡ್ ಕಡೆ ಹೊಡೀಬೇಡ, ಹಾಕಲ್ಲ."

"ಹಾಗಾದ್ರೆ ಉಪ್ಪೇ ಹಾಕು."

ಫೆಬ್ರವರಿ 10, ಸೋಮವಾರ. ಮಧ್ಯಾಹ್ನ 2

ಗೆದ್ದೆ. 4–6, 6–3, ಆಮೇಲೆ ಮೂರನೇ ಸೆಟ್ ಬದಲು ಹತ್ತರ ಟೈಬ್ರೇಕ್, 11–9.

8–9ರಲ್ಲಿ ಅವಳಿಗೆ ಮ್ಯಾಚ್ ಪಾಯಿಂಟ್ ಇತ್ತು, ಗೆಲ್ಲಲು ಒಂದೇ ಅಂಕ. ಬ್ಯಾಕ್‌ಹ್ಯಾಂಡ್, ಗೆರೆಯುದ್ದಕ್ಕೆ, ಅವಳ ಅತ್ಯುತ್ತಮ ಹೊಡೆತ. ನನ್ನ ಹಿಂಬದಿಯ ಗೆರೆ, ಬೇಸ್‌ಲೈನ್ ಹತ್ತಿರ ಬಿತ್ತು. ಔಟ್ ಎಂದೆ. ಔಟ್ ಆಗಿತ್ತು. ಒಂದು ಬೆರಳು ಹೊರಗೆ.

ಅವಳು ಆಗಲೇ ನೆಟ್ ಕಡೆ ಹೊರಟಿದ್ದಳು, ಕೈ ಕುಲುಕಲು. ನಿಂತಳು.

"ಸರಿಯಾಗಿ ನೋಡಿದ್ಯಾ?"

"ನೋಡಿದೆ."

"ಸರಿ ಬಿಡು."

ಅಷ್ಟೇ. ಅಧಿಕಾರಿ ಪಕ್ಕದ ಕೋರ್ಟಿನಲ್ಲೇ ಇದ್ದ. ಅವಳು ಕರೆಯಲಿಲ್ಲ. ಮಣ್ಣಿನ ಕೋರ್ಟಾಗಿದ್ದರೆ ಗುರುತು ಉಳಿಯುತ್ತಿತ್ತು. ಇಲ್ಲಿ ಏನೂ ಉಳಿಯುವುದಿಲ್ಲ.

ಸಂಜೆ 5.15

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಒದ್ದೆ ಬಟ್ಟೆಯನ್ನೂ ತನ್ನದರ ಜೊತೆ ಹೀಟರ್ ಮೇಲೆ ಹರವಿದ್ದಾಳೆ. ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ನಿದ್ದೆ ಬಂದಿಲ್ಲ, ಕಾಲು ಅಲ್ಲಾಡುತ್ತಿದೆ.

ಫೆಬ್ರವರಿ 12, ಬುಧವಾರ. ಮಧ್ಯಾಹ್ನ 3

ನಿನ್ನೆ ಮೇನ್ ಡ್ರಾದಲ್ಲಿ ಮೊದಲ ಸುತ್ತು ಗೆದ್ದೆ. ಸಲೀಸಾಗಿ. ಟ್ಯಾಮ್ ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟಿದಳು.

ಇವತ್ತು ನಮ್ಮ ಡಬಲ್ಸ್. ಇಲ್ಲಿ ಅಂಪೈರ್ ಇದ್ದಾರೆ, ಗೆರೆ ನೋಡುವುದೂ ಅವರೇ. ಕೊನೆಯ ಟೈಬ್ರೇಕ್, 9–7, ಎದುರಾಳಿಯ ಚೆಂಡು ಟ್ಯಾಮ್ ಕಾಲ ಬಳಿ ಬಿತ್ತು. ಅಂಪೈರ್ ಔಟ್ ಎಂದರು. ಗೆದ್ದೆವು ಎಂದು ನಾನು ಕೈ ಎತ್ತಿದ್ದೆ.

"ಇಲ್ಲ ಸರ್. ಗೆರೆ ಮೇಲೆ ಬಿತ್ತು," ಎಂದಳು ಟ್ಯಾಮ್.

ಅಂಕ ಅವರಿಗೆ ಹೋಯಿತು. ಆಮೇಲಿನ ಮೂರೂ ಹೋದವು. 

ಬ್ಯಾಗ್ ತುಂಬುವಾಗ ತಡೆಯಲಾಗಲಿಲ್ಲ. "ನಿನ್ನನ್ನ ಯಾರು ಕೇಳಿದ್ರು?"

"ನನ್ನ ಕಡೆ ಬಿದ್ದದ್ದಲ್ವಾ. ನಾನೇ ಹೇಳ್ಬೇಕು."

ನನ್ನನ್ನು ನೋಡದೆ ಹೇಳಿದಳು. ಜಿಪ್ ಎಳೆದಳು. 

ಫೆಬ್ರವರಿ 14, ಶುಕ್ರವಾರ. ಬೆಳಿಗ್ಗೆ 9

ನಿನ್ನೆ ಇನ್ನೊಂದು ಸುತ್ತು ಗೆದ್ದೆ. ಇವತ್ತು ಕ್ವಾರ್ಟರ್ ಫೈನಲ್. ಹೆಸರು ಬರೆಸುವಾಗ ಕನಸಿನಲ್ಲೂ ಎಣಿಸಿರಲಿಲ್ಲ.

ಎದ್ದಾಗ ಕಿಟಕಿ ಪಕ್ಕದ ಹಾಸಿಗೆ ಖಾಲಿ. ಹೊದಿಕೆ ಮಡಿಸಿಟ್ಟಿದ್ದಾಳೆ — ಟ್ಯಾಮ್, ಹೊದಿಕೆ ಮಡಿಸುವುದು! ಶಾಲೆಯ ಫಾರ್ಮು ತುಂಬಿ ಕಳಿಸಿ, ಹೊರಟೇ ಹೋಗಿದ್ದಾಳೆ. ಕೆಟಲ್ ಪಕ್ಕ ಎರಡು ಬೇಯಿಸಿದ ಮೊಟ್ಟೆ. "ಆಡೋಕೆ ಮುಂಚೆ ತಿನ್ನು" ಎಂಬ ಚೀಟಿ.

ತಿನ್ನಲಾಗಲಿಲ್ಲ. ಎಸೆಯಲೂ ಆಗಲಿಲ್ಲ. ಬ್ಯಾಗಿನಲ್ಲಿವೆ.

ಮಾರ್ಚ್ 30, ಭಾನುವಾರ. ಮೊನಾಸ್ಟಿರ್. ಬೆಳಿಗ್ಗೆ 11

ಆರು ವಾರ ಬರೆಯಲಿಲ್ಲ. ಬರೆಯಲು ಏನಿದೆ... ಟ್ಯುನೀಷಿಯಾದ ಬಿಸಿಲು, ಅದೇ ಹೋಟೆಲ್, ಅದೇ ಕೂಸ್‌ಕೂಸ್ ಊಟ, ನಮ್ಮ ದೇಶದ ಅರ್ಧ ಆಟಗಾರ್ತಿಯರು ಇಲ್ಲೇ. ರ‍್ಯಾಂಕಿಂಗ್ ನನ್ನ ಜೀವನದಲ್ಲೇ ಮೇಲೆ. ಅಮ್ಮ ಅದರ ಚಿತ್ರ ತೆಗೆದು ಫ್ರಿಜ್‌ಗೆ ಅಂಟಿಸಿದ್ದಾಳಂತೆ.

ಆ ಚೆಂಡು ಎರಡು ಬೆರಳು ಹೊರಗಿತ್ತು. ಇಲ್ಲದಿದ್ದರೆ ಟ್ಯಾಮ್ ಅಧಿಕಾರಿಯನ್ನು ಕರೆಯುತ್ತಿದ್ದಳು. ಸುಮ್ಮನಿರುವ ಪೈಕಿಯಲ್ಲ ಅವಳು.

ಅವಳಿಂದ ಒಂದು ಫೋಟೋ. ಹಳದಿ ಚೆಂಡಿನ ಬುಟ್ಟಿ, ಏಳೆಂಟು ಪುಟ್ಟ ಹುಡುಗಿಯರು. ಹೃದಯದ ಚಿಹ್ನೆ ಕಳಿಸಿದೆ. 

ಮೇ 3, ಶನಿವಾರ. ಮಧ್ಯಾಹ್ನ 12

ಈಗ ದೊಡ್ಡ ಟೂರ್ನಿಗಳು, ಮತ್ತೆ ಅಂಪೈರ್ ಇಲ್ಲದ ಅರ್ಹತಾ ಪಂದ್ಯಗಳು; ಸತತ ಐದನೇ ಮೊದಲ ಸುತ್ತಿನ ಸೋಲು. ನನ್ನ ಕಡೆ ಬಿದ್ದ ಯಾವ ಚೆಂಡನ್ನೂ ಔಟ್ ಎನ್ನಲು ಬಾಯಿ ಬರುತ್ತಿಲ್ಲ. ಎಲ್ಲವನ್ನೂ ಆಡುತ್ತೇನೆ. ಹೊಸ ಡಬಲ್ಸ್ ಜೊತೆಗಾತಿ ಫೆನ್ನಾ, ಡಚ್ ಹುಡುಗಿ, ಇವತ್ತು ಹೊರಗೆ ಕೂತು ನೋಡಿ ತಲೆ ಚಚ್ಚಿಕೊಂಡಳು.

"ಒಂದು ಗೇಣು ಹೊರಗಿತ್ತು ಅದು. ಕಣ್ಣು ಟೆಸ್ಟ್ ಮಾಡಿಸ್ಕೋ ಮಾರಾಯ್ತಿ."

ಕಣ್ಣಿಗೇನೂ ಆಗಿಲ್ಲ. ಸಂಡರ್ಲ್ಯಾಂಡ್‌ನ ಚೆಂಡು ಅಂಗೈ ಅಗಲ ಹೊರಗಿತ್ತು. ಅಂಗೈ ಅಗಲ.

ಜೂನ್ 20, ಶುಕ್ರವಾರ. ಟ್ರೂರೋ. ಸಂಜೆ 6

ಬಂದೆ. ನಾನಾಗಿಯೇ. ಹೇಳಿಬಿಡಬೇಕೆಂದು.

ಟ್ಯಾಮ್ ಬಿಸಿಲಿಗೆ ಕೆಂಪಗಾಗಿದ್ದಾಳೆ. ಮಕ್ಕಳಿಗೆ ನನ್ನನ್ನು ತೋರಿಸಿ, "ಇವಳೇ ನಾನು ಹೇಳ್ತಿದ್ನಲ್ಲ, ಕ್ಯಾರಿಸ್," ಎಂದಳು. ಹಲ್ಲು ಬಿದ್ದ ಹುಡುಗಿಯೊಬ್ಬಳು ಕೇಳಿದಳು: "ಮಿಸ್‌ನ ಕೊನೇ ಸಿಂಗಲ್ಸ್ ಮ್ಯಾಚಲ್ಲಿ ಸೋಲಿಸಿದ್ದು ನೀವೇನಾ?"

"ಹೌದು," ಎಂದೆ.

"ಮಿಸ್ ಅಳಲಿಲ್ಲಂತೆ. ನೀವು ಚೆನ್ನಾಗಿ ಆಡಿದ್ರಂತೆ."

ಆಮೇಲೆ ಕೋರ್ಟಿನ ಬೆಂಚಿನ ಮೇಲೆ ಇಬ್ಬರೇ. ಫ್ಲಾಸ್ಕಿನ ಚಹಾ, ಮೊಟ್ಟೆಯ ವಾಸನೆ ಇಲ್ಲದ್ದು. ಬಾಯಿ ತೆರೆದೆ.

"ಟ್ಯಾಮ್, ಆವತ್ತು ಎಂಟು–ಒಂಬತ್ತರಲ್ಲಿ..."

"ಬೇಡ ಕಣೇ."

"ಕೇಳು, ನಾನು—"

"ನಿನ್ನ ಕಾಲಿಗೆ ಬೀಳ್ತೀನಿ, ಹೇಳ್ಬೇಡ." ಲೋಟ ಕೆಳಗಿಟ್ಟಳು. "ಸೋತೆ, ಬಿಟ್ಟೆ, ಇಲ್ಲಿಗೆ ಬಂದೆ. ದಿನಾ ಬೆಳಗ್ಗೆ ಅದನ್ನೇ ಹೇಳ್ಕೊಂಡು ಈ ಗೇಟು ತೆಗೀತೀನಿ. ಗೆದ್ದಿದ್ದೆ ಅಂತ ನಿನ್ನ ಬಾಯಿಂದ ಕೇಳಿದ್ರೆ ನಾಳೆ ಹೇಗೆ ತೆಗೀಲಿ ಹೇಳು?"

ನಾನೂ ಲೋಟ ಕೆಳಗಿಟ್ಟೆ. ಅವಳು ನನ್ನ ಬೆನ್ನು ತಟ್ಟಿದಳು, ಡಬಲ್ಸ್‌ನಲ್ಲಿ ನಾನು ಸರ್ವ್ ತಪ್ಪಿಸಿದಾಗ ತಟ್ಟುತ್ತಿದ್ದ ಹಾಗೇ. ನನಗೆ ಅಳು ಬಂತು. ಅವಳಿಗೆ ಬರಲಿಲ್ಲ.

ಜೂನ್ 21, ಶನಿವಾರ. ರೈಲಿನಲ್ಲಿ. ಬೆಳಿಗ್ಗೆ 10.40

ಪ್ಲಾಟ್‌ಫಾರ್ಮಿಗೆ ಬಂದಿದ್ದಳು. "ಚೆನ್ನಾಗಿ ಆಡೇ. ಇಬ್ರ ಪಾಲಿಂದೂ ನೀನೇ ಆಡ್ಬೇಕು ಇನ್ನು," ಎಂದಳು. ಮುಂದಿನ ವಾರ ಹುಲ್ಲಿನ ಕೋರ್ಟು, ಅರ್ಹತಾ ಸುತ್ತು. ಅಂಪೈರ್ ಕುರ್ಚಿ ಖಾಲಿ ಇರುತ್ತದೆ.

ಅವಳಿಗೆ ಹೇಳುವಂತಿಲ್ಲ. ಬೇರೆ ಯಾರಿಗೆ ಹೇಳಿದರೂ ಅವಳ ಕಿವಿಗೆ ಬೀಳುತ್ತದೆ. ಹಿಂದಿನ ಹಾಳೆಗಳನ್ನು ತಿರುವಿ ನೋಡಿದೆ. ಒಂದು ಬೆರಳು, ಎರಡು ಬೆರಳು, ಅಂಗೈ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ.

ಇಲ್ಲಾದರೂ ಸರಿಯಾಗಿ ಬರೆಯಬೇಕು. ಫೆಬ್ರವರಿ ಹತ್ತು, ಸೋಮವಾರ. ಎಂಟು–ಒಂಬತ್ತು. ಅವಳ ಬ್ಯಾಕ್‌ಹ್ಯಾಂಡ್. ನಾನು ಗೆರೆಯಿಂದ ಎರಡು ಹೆಜ್ಜೆ ದೂರ, ಕಣ್ಣು ಚೆಂಡಿನ ಮೇಲೇ ಇತ್ತು, ಅನುಮಾನವೇ ಇರಲಿಲ್ಲ. ಚೆಂಡು ಬೇಸ್‌ಲೈನ್‌ನ ಮೇಲೇ ಬಿತ್ತು. ಒಳಗೆ.