ನಾಲ್ಕು ಸುತ್ತು

ಹೇರೋಹಳ್ಳಿ
14–3–2025, ಶುಕ್ರವಾರ

ಪ್ರೀತಿಯ ಅಪ್ಪನಿಗೆ, ಕವನಾ ಮಾಡುವ ನಮಸ್ಕಾರ.

ಮಂಡಿನೋವು ಹೇಗಿದೆ? ಬೋರಮ್ಮತ್ತೆ ಎಣ್ಣೆ ತಿಕ್ಕುತ್ತಿದ್ದಾರೆ ತಾನೇ? ಅವರು ಬಡಿಸಿದರೆಂದು ಮೂರನೇ ಮುದ್ದೆಗೆ ಕೈಹಾಕಬೇಡಿ, ತಂಗಿಯ ಪ್ರೀತಿ ಸಕ್ಕರೆ ಕಾಯಿಲೆಗೆ ಅರ್ಥವಾಗುವುದಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ನಾನು ಚೆನ್ನಾಗಿಲ್ಲ. ಫೋನಿನಲ್ಲಾದರೆ ನಿಮ್ಮ ಕಿವಿಗೆ ಕೂಗಿ ಹೇಳಬೇಕು, ಇದು ಕೂಗಿ ಹೇಳುವ ಮಾತಲ್ಲ. ಅದಕ್ಕೇ ಬರೆದು, ಅಲ್ಲಿಗೇ ಹೊರಟಿರುವ ಕಾಂತರಾಜು ಚಿಕ್ಕಪ್ಪನ ಕೈಲಿ ಕೊಡುತ್ತಿದ್ದೇನೆ.

ನನ್ನ ಕೆಲಸ ನೋಡಿ ‘ಚುಕ್ಕಿ ಇಡೋಕೂ ಸಂಬಳ ಕೊಡ್ತಾರೇನೇ’ ಅಂದಿದ್ದಿರಿ. ಆ ಚುಕ್ಕಿಗಳೇ ಈಗ ನೀರಿನ ಆಫೀಸಿನ ಕಣ್ಣು. ನೆಲದಡಿಯ ಪೈಪು, ವಾಲ್ವು, ಮನೆಮನೆಯ ಮೀಟರು ಎಲ್ಲವೂ ಕಂಪ್ಯೂಟರಿನ ನಕ್ಷೆಯಲ್ಲಿ ಇದ್ದ ಜಾಗದಲ್ಲೇ ಕೂತಿವೆ. ಬಿಟ್ಟ ನೀರಿಗೂ ಮೀಟರುಗಳಿಗೂ ತಾಳೆಯಾಗದಿದ್ದರೆ ಆ ಬೀದಿ ಕೆಂಪಾಗುತ್ತದೆ. ನೀವು ಒಂದು ಸೋರಿಕೆಗೆ ಬೀದಿಯುದ್ದ ಅಗೆಸುತ್ತಿದ್ದಿರಿ. ಹೋದ ತಿಂಗಳು ಚಂದ್ರಾ ಲೇಔಟಿನಲ್ಲಿ ಒಂದೇ ಗುಂಡಿಗೆ ಸಿಕ್ಕಿತು. ಎರಡು ದಿನ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಈ ವಾರ ಕೆಂಪಾದದ್ದು ನಮ್ಮೂರಿನ ಹಳೇ ಬಾವಿ ಬೀದಿ. ನೀವು ರಿಟೈರಾದ ಮೇಲೆ ಅಲ್ಲಿಗೆ ನೀರು ಬಿಡುವವರು ನಿಮ್ಮ ಶಿಷ್ಯ ಸಂಪತ್ತಣ್ಣ. ನೀರು ಮಾರಿಕೊಳ್ಳುತ್ತಿದ್ದಾರೆಂದು ಅವರಿಗೆ ನೋಟಿಸು ಬಂದಿದೆ, ಸೋಮವಾರ ವಿಚಾರಣೆ. ಗುತ್ತಿಗೆ ಕೆಲಸ, ಒಂದು ಸಹಿಗೆ ಹೋಗುತ್ತದೆ. ನಿನ್ನೆ ಬೆಳಿಗ್ಗೆ ನಾನೇ ಅವರ ಜೊತೆ ಹೋದೆ. ವಾಲ್ವು ಮುಚ್ಚುವಾಗ ಕೊನೆಯ ನಾಲ್ಕು ಸುತ್ತು ಹಾಗೇ ಬಿಟ್ಟರು. ಯಾಕೆಂದು ಕೇಳಿದರೆ ನಿಮ್ಮ ಮಾತನ್ನೇ ಹೇಳಿದರು: ‘ಮರಿಯಪ್ಪಣ್ಣ ಹೇಳವ್ರೆ ಕಣಮ್ಮ, ಪೂರ್ತಿ ಮುಚ್ಚುದ್ರೆ ಒಳಗಿನ ರಾಡು ಮುರೀತದೆ ಅಂತ.’ ನಾನು ಕೀ ಇಸಿದುಕೊಂಡು ತಿರುಗಿಸಿದೆ. ನಾಲ್ಕೂ ಸುತ್ತು ಸಲೀಸಾಗಿ ಕೂತವು, ಏನೂ ಮುರಿಯಲಿಲ್ಲ. ಸ್ವಲ್ಪ ಹೊತ್ತಿಗೆ ಬೀದಿಯ ಹಿಂದಿನ ಶೀಟ್ ಮನೆಗಳಿಂದ ಹನುಮಕ್ಕ ಖಾಲಿ ಕೊಡ ಹಿಡಿದು ಬಂದರು. ‘ಯಾಕವ್ವ ನಿಂತೋಯ್ತು? ನಿಮ್ಮಪ್ಪ ಪೈಪ್ ಎಳೆಸಿದ್ಮೇಲೆ ಒಂದಿನಾನೂ ನಿಂತಿರ್ಲಿಲ್ಲ.’

ಆ ನಾಲ್ಕು ಸುತ್ತಿನ ನೀರು ನೀವು ಗುಟ್ಟಾಗಿ ಎಳೆಸಿದ ಪೈಪಿಗೆ ಹೋಗುತ್ತಿತ್ತೆಂದು ಸಂಪತ್ತಣ್ಣನಿಗೂ ಆಗಲೇ ತಿಳಿದದ್ದು. ಅವರು ನನ್ನ ಮುಖ ನೋಡಲಿಲ್ಲ. ನಾನೇ ಮತ್ತೆ ನಾಲ್ಕು ಸುತ್ತು ಬಿಚ್ಚಿದೆ. ಪೂರ್ತಿ ಮುಚ್ಚಲು ತಾನೇ ಮರೆತೆನೆಂದು ವಿಚಾರಣೆಯಲ್ಲಿ ಬರೆದುಕೊಡುತ್ತಾರಂತೆ, ನಿಮ್ಮ ಹೆಸರು ಎತ್ತುವುದಿಲ್ಲವಂತೆ. ಇಬ್ಬರು ಮಕ್ಕಳ ತಂದೆ.

ನನಗೆ ಸಿಟ್ಟು ಬಂದಿದೆ ಅಪ್ಪಾ. ಕಾಗದಪತ್ರವಿಲ್ಲದ ಇಪ್ಪತ್ತು ಮನೆಗೆ ನೀರು ಕೊಟ್ಟದ್ದಕ್ಕೆ ಹೆಮ್ಮೆಯೇ ಇದೆ. ಆದರೆ ಗುಟ್ಟನ್ನು ಸಂಪತ್ತಣ್ಣನ ಹೆಗಲ ಮೇಲಿಟ್ಟು, ಅವರಿಗೂ ಹೇಳದೆ ಬಂದಿರಿ. ಈ ಪೈಪು ನಕ್ಷೆಗೆ ಬಂದರೆ ಆಫೀಸಿನವರು ಕತ್ತರಿಸಬಹುದು. ಬಾರದಿದ್ದರೆ ಆ ಮನೆಗಳಿಗೆ ಎಂದಿಗೂ ಮೀಟರು ಸಿಗುವುದಿಲ್ಲ. ನಿಮ್ಮ ಪೆನ್ಷನ್ನಿಗೆ ಕೈಹಾಕುತ್ತಾರೆಂದು ಅಮ್ಮ ಹೆದರಿದ್ದಾಳೆ. ನನಗೂ ಹೆದರಿಕೆಯೇ.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಮಾತ್ರೆ ತಪ್ಪಿಸಬೇಡಿ.

ನಿಮ್ಮ ಮಗಳು,
ಕವನಾ

ತಾ.ಕ.: ಚಿಕ್ಕಪ್ಪ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಹೇಳುತ್ತೇನೆ. ಆ ಪೈಪನ್ನು ಈಗಷ್ಟೇ ನಕ್ಷೆಗೆ ಸೇರಿಸಿದೆ. ಹೊಸ ಗೆರೆ ಎಳೆದರೆ ‘ಮಾಹಿತಿ ಕೊಟ್ಟವರು ಯಾರು’ ಎಂದು ಕಂಪ್ಯೂಟರು ಕೇಳುತ್ತದೆ. ‘ಮರಿಯಪ್ಪ, ನಿವೃತ್ತ ವಾಲ್ವ್‌ಮನ್, ತಾವಾಗಿಯೇ ತಿಳಿಸಿದ್ದಾರೆ’ ಎಂದು ಹಾಕಿದ್ದೇನೆ. ಅದು ಸುಳ್ಳು. ಸೋಮವಾರ ಹತ್ತು ಗಂಟೆಯೊಳಗೆ ಬಂದು ನಿಜ ಮಾಡಿ.